ರಿಮೋಟ್ ಕಾರಿಗೆ ಲಿಪೋ ಬ್ಯಾಟರಿ ಹಾಕಬಹುದೇ?

ಪ್ರಶ್ನೆ: ಹತ್ತು ವರ್ಷದ ಮಗನಿಗೆ 1:10 ಅಳತೆಯ ರೇಡಿಯೊ ಕಂಟ್ರೋಲ್ ಕಾರು ಕೊಡಿಸಿದ್ದೇನೆ. ಜೊತೆಗೆ ಬಂದ 7.2 ವೋಲ್ಟ್, 1800 ಎಂಎಎಚ್ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಹದಿನೈದು ನಿಮಿಷಕ್ಕೆ ಸುಸ್ತಾಗುತ್ತದೆ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕಿ ಎನ್ನುತ್ತಾರೆ ಕೆಲವರು, ಬೆಂಕಿ ಹತ್ತುತ್ತದೆ ಎಂದು ಹೆದರಿಸುತ್ತಾರೆ ಇನ್ನು ಕೆಲವರು. ಏನು ಮಾಡಲಿ? ಈಗಿರುವ ಚಾರ್ಜರೇ ಸಾಕೇ?

ಉತ್ತರ: ಬ್ಯಾಟರಿಯನ್ನು ಚಾರ್ಜಿಗೆ ಹಾಕುವವರು ಯಾರು ಎಂದು ನೀವು ಬರೆದಿಲ್ಲ. ನನ್ನ ಉತ್ತರ ನಿಂತಿರುವುದೇ ಅದರ ಮೇಲೆ. ಮಗ ತಾನೇ ಹಾಕಿ ತಾನೇ ತೆಗೆಯುತ್ತಾನಾದರೆ ಇನ್ನೆರಡು ವರ್ಷ ನಿಕಲ್‌ನಲ್ಲೇ ಇರಿ. ಚಾರ್ಜ್ ಆಗುವಷ್ಟು ಹೊತ್ತೂ ನೀವು ಹತ್ತಿರವಿರುತ್ತೀರಾದರೆ ಲಿಪೋ ತರಬಹುದು.

ನಿಕಲ್‌ನಲ್ಲೇ ಇದ್ದರೂ ಆಟದ ಸಮಯ ಹೆಚ್ಚಿಸಬಹುದು. 1800ರ ಬದಲು 3000 ಎಂಎಎಚ್ ಪ್ಯಾಕ್ ಹಾಕಿದರೆ ಹದಿನೈದು ನಿಮಿಷ ಹೆಚ್ಚುಕಡಿಮೆ ಇಪ್ಪತ್ತೈದಾಗುತ್ತದೆ. ಅಂದಹಾಗೆ, ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು ಎನ್ನುವುದು ನಿಕಲ್ ಕ್ಯಾಡ್ಮಿಯಂ ಕಾಲದ ಮಾತು. ಈಗಿನ ಪ್ಯಾಕನ್ನು ಹಾಗೆ ಹಿಂಡಿದರೆ ದುರ್ಬಲ ಸೆಲ್ ಉಲ್ಟಾ ಚಾರ್ಜ್ ಆಗಿ ಹಾಳಾಗುತ್ತದೆ. ಕಾರು ನಿಧಾನವಾಯಿತೆಂದರೆ ನಿಲ್ಲಿಸಿ, ಬ್ಯಾಟರಿ ತಣ್ಣಗಾದ ಮೇಲೆ ಚಾರ್ಜಿಗೆ ಹಾಕಿ.

ಇನ್ನು ಲಿಪೋ. ನಿಮ್ಮ ಪ್ಯಾಕಿನಲ್ಲಿ 1.2 ವೋಲ್ಟಿನ ಆರು ಸೆಲ್‌ಗಳಿವೆ. ಎರಡು ಸೆಲ್ಲಿನ ಲಿಪೋದಲ್ಲಿ ಒಂದೊಂದೂ 3.7, ಒಟ್ಟು 7.4 ವೋಲ್ಟ್. ಲೆಕ್ಕದಲ್ಲಿ ವ್ಯತ್ಯಾಸ ಅಷ್ಟೇ, ಆದರೆ ಓಡಿಸಿದಾಗ ಕಾರೇ ಬೇರೆ ಅನ್ನಿಸುತ್ತದೆ. ಥ್ರಾಟಲ್ ಒತ್ತಿದೊಡನೆ ನಿಕಲ್ ಪ್ಯಾಕಿನ ವೋಲ್ಟೇಜ್ ಕುಸಿಯುತ್ತದೆ. ಒಳ್ಳೆಯ ಲಿಪೋ ಅಷ್ಟು ಜಗ್ಗುವುದಿಲ್ಲ. ತೂಕವೂ ಕಡಿಮೆ.

ಅಪಾಯವೂ ಈ ಗುಣದಲ್ಲೇ ಇದೆ. ನಿಕಲ್ ಬ್ಯಾಟರಿ ಮುಗಿಯುತ್ತಾ ಬಂದಾಗ ಕಾರು ತೆವಳತೊಡಗುತ್ತದೆ, ಮಗುವಿಗೂ ಗೊತ್ತಾಗುತ್ತದೆ. ಲಿಪೋ ಕೊನೆಯವರೆಗೂ ಜೋರಾಗಿಯೇ ಓಡುತ್ತದೆ. ಸೆಲ್ಲೊಂದಕ್ಕೆ 3 ವೋಲ್ಟಿಗಿಂತ ಕೆಳಗಿಳಿದರೆ ಅದಕ್ಕೆ ಶಾಶ್ವತ ಹಾನಿ. ಆದ್ದರಿಂದ ಮೋಟಾರನ್ನು ನಿಯಂತ್ರಿಸುವ ಇಎಸ್‌ಸಿಯೇ ಸಮಯಕ್ಕೆ ಸರಿಯಾಗಿ ಕರೆಂಟ್ ತಡೆಯಬೇಕು. ನಿಮ್ಮ ಇಎಸ್‌ಸಿಯ ಕೈಪಿಡಿಯಲ್ಲಿ ಲಿಪೋ ಕಟ್‌ಆಫ್ ಇದೆಯೇ ನೋಡಿ. ಎಷ್ಟೋ ಇಎಸ್‌ಸಿಗಳಲ್ಲಿ ಅದಕ್ಕೆಂದೇ ಪುಟ್ಟ ಜಂಪರ್, ಅಂದರೆ ಕಿತ್ತು ಬೇರೆ ಸ್ಥಾನದಲ್ಲಿ ಸಿಕ್ಕಿಸುವ ಕ್ಲಿಪ್, ಇರುತ್ತದೆ. ಅದನ್ನು ನಿಕಲ್ ಸ್ಥಾನದಲ್ಲೇ ಬಿಟ್ಟು ಓಡಿಸಿ, ಹೊಸ ಲಿಪೋವನ್ನು ಮೊದಲ ದಿನವೇ ಕೊಂದವರಿದ್ದಾರೆ. ಕಟ್‌ಆಫ್ ಇಲ್ಲವಾದರೆ ಲಿಪೋದ ಬ್ಯಾಲೆನ್ಸ್ ವೈರಿಗೆ (ಒಂದೊಂದು ಸೆಲ್ಲಿನ ವೋಲ್ಟೇಜ್ ತಿಳಿಯಲೆಂದು ಇರುವ ತೆಳು ವೈರು) ಸಿಕ್ಕಿಸುವ ಬೀಪ್ ಅಲಾರ್ಮ್ ಸಿಗುತ್ತದೆ. ಆದರೆ ದೂರ ಓಡುವ ಕಾರಿನೊಳಗಿನ ಬೀಪ್ ಯಾರ ಕಿವಿಗೆ ಬೀಳಬೇಕು? ಮಗುವಿನ ಕಾರಿಗೆ ಅದನ್ನು ನಾನು ನೆಚ್ಚುವುದಿಲ್ಲ.

ಈಗಿರುವ ಚಾರ್ಜರ್ ಖಂಡಿತ ಬೇಡ. ನಿಕಲ್ ಪ್ಯಾಕ್ ತುಂಬಿದಾಗ ಅದರ ವೋಲ್ಟೇಜ್ ತುಸು ಇಳಿಯುತ್ತದೆ. ಅನೇಕ ನಿಕಲ್ ಚಾರ್ಜರ್‌ಗಳು ಆ ಇಳಿತ ಕಂಡೇ ನಿಲ್ಲುವುದು. ಲಿಪೋದಲ್ಲಿ ಆ ಇಳಿತ ಬರುವುದೇ ಇಲ್ಲ. ಚಾರ್ಜರ್ ಕರೆಂಟ್ ತುಂಬುತ್ತಲೇ ಹೋಗುತ್ತದೆ, ಸೆಲ್ ಉಬ್ಬಿ ಬೆಂಕಿ ಹತ್ತಬಹುದು. ಸೆಲ್ಲೊಂದಕ್ಕೆ 4.2 ವೋಲ್ಟಿನಲ್ಲಿ ತಡೆದು, ಎರಡೂ ಸೆಲ್‌ಗಳನ್ನು ಸರಿದೂಗಿಸುವ ಬ್ಯಾಲೆನ್ಸ್ ಚಾರ್ಜರ್ ಕೊಳ್ಳಿ. 5000 ಎಂಎಎಚ್ ಪ್ಯಾಕಿಗೆ 5 ಆಂಪಿಯರ್‌ಗಿಂತ ಹೆಚ್ಚು ಇಡಬೇಡಿ. ಹತ್ತಿಕೊಳ್ಳುವ ವಸ್ತುಗಳಿಂದ ದೂರ, ಕಲ್ಲು ಅಥವಾ ಟೈಲ್ಸ್ ನೆಲದ ಮೇಲಿಟ್ಟು ಚಾರ್ಜ್ ಮಾಡಿ. ರಾತ್ರಿ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸ ಬೇಡವೇ ಬೇಡ. ವಾರಗಟ್ಟಲೆ ಆಡದಿದ್ದರೆ ಚಾರ್ಜರಿನ ಸ್ಟೋರೇಜ್ ಮೋಡ್ ಬಳಸಿ ಸೆಲ್ಲಿಗೆ 3.8 ವೋಲ್ಟಿನಷ್ಟು ಉಳಿಸಿ ಎತ್ತಿಡಿ.

ಲಿಥಿಯಂ ಐರನ್ ಫಾಸ್ಫೇಟ್ ಎಂಬ ಇನ್ನೊಂದು ಬಗೆಯಿದೆ. ಅದು ಲಿಪೋಗಿಂತ ಸುರಕ್ಷಿತ. ಆದರೆ ಎರಡು ಸೆಲ್ಲಿಗೆ 6.6 ವೋಲ್ಟ್ ಮಾತ್ರ, ಅಷ್ಟೇ ಗಾತ್ರದಲ್ಲಿ ಹಿಡಿಸುವ ಚಾರ್ಜೂ ಕಡಿಮೆ. ನಿಮ್ಮ ಅಗತ್ಯಕ್ಕೆ ಹೊಂದದು.

ಲಿಪೋ ಕೊಳ್ಳುವುದೇ ಆದರೆ ಗಟ್ಟಿ ಪ್ಲಾಸ್ಟಿಕ್ ಕವಚದ ಎರಡು ಸೆಲ್ಲಿನದನ್ನೇ ಆರಿಸಿ. ಕಾರು ಪಲ್ಟಿ ಹೊಡೆಯುವುದು ದಿನನಿತ್ಯದ ಮಾತು. ಇಎಸ್‌ಸಿ ಒಪ್ಪದ ಹೊರತು ಮೂರು ಸೆಲ್ಲಿನ 11.1 ವೋಲ್ಟ್ ಪ್ಯಾಕ್ ಹಾಕಬೇಡಿ, ಮೋಟಾರ್ ಸುಟ್ಟೀತು. ಹೊರಡುವ ಮುನ್ನ ಕಾರಿನ ಬ್ಯಾಟರಿ ತಟ್ಟೆಯನ್ನೂ ಅಳೆದುಕೊಳ್ಳಿ: ನಿಕಲ್ ಪ್ಯಾಕಿನ ದುಂಡು ಅಂಚಿಗೆಂದು ಮಾಡಿದ ತಟ್ಟೆಯಲ್ಲಿ ಚೌಕ ಅಂಚಿನ ಲಿಪೋ ಕೂರದೇ ಇರಬಹುದು. ಇಎಸ್‌ಸಿಯ ಕನೆಕ್ಟರ್ ಯಾವುದೆಂದು ನೋಡಿಕೊಂಡು, ಅದಕ್ಕೆ ಹೊಂದುವ ಕನೆಕ್ಟರ್ ಇರುವ ಪ್ಯಾಕನ್ನೇ ಕೇಳಿ.