ಮಕ್ಕಳ ಕೈಗೆ ಮೊದಲು ಗಾಳಿ ನೋಡುವ ಗೇಜ್ ಕೊಡಿ

ಪ್ರಶ್ನೆ: ಮಗಳಿಗೆ 14 ವರ್ಷ, ಮಗನಿಗೆ 10. ಇಬ್ಬರಿಗೂ ಕಾರಿನ ಸಣ್ಣಪುಟ್ಟ ಕೆಲಸ ಕಲಿಸುವ ಆಸೆ. ಆದರೆ ಬಾನೆಟ್ ಹತ್ತಿರ ಬಿಡಲು ಭಯ. ಎಲ್ಲಿಂದ ಶುರು ಮಾಡಲಿ?

ಉತ್ತರ: ಟೈರಿನಿಂದ ಶುರು ಮಾಡಿ. ಬಾನೆಟ್ ಆಮೇಲೆ ನೋಡೋಣ. ಎಷ್ಟು ಗಾಳಿ ಬೇಕು ಅನ್ನುವ ಸ್ಟಿಕ್ಕರ್ ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬಾಗಿಲ ಪಕ್ಕದಲ್ಲೇ ಇರುತ್ತದೆ. ಅದನ್ನು ಮಗನೇ ಹುಡುಕಲಿ. ಟೈರಿನ ಮೇಲೆ ಅಚ್ಚಾದ ಒತ್ತಡದ ಅಂಕಿ ಅದು ತಡೆಯುವ ಗರಿಷ್ಠ ಮಿತಿ, ಅಷ್ಟು ತುಂಬಿಸಬಾರದು. ಗಾಡಿ ಓಡಿಸಿದ ಮೇಲೆ ನೋಡಿದರೆ ಟೈರ್ ಬಿಸಿಯಾಗಿ ಗೇಜ್ ಜಾಸ್ತಿ ತೋರಿಸುತ್ತದೆ. ಹಾಗಾಗಿ ಬೆಳಗ್ಗೆ ಹೊರಡುವ ಮುಂಚೆಯೇ ನೋಡಿಸಿ. ಸ್ಟೆಪ್ನಿಯನ್ನೂ ಬಿಡಬೇಡಿ, ಬೇಕಾದಾಗ ಅದರಲ್ಲೇ ಗಾಳಿ ಇರುವುದಿಲ್ಲ.

ಮಗಳಿಗೆ ಎಂಜಿನ್ ಆಯಿಲ್ ನೋಡುವುದು ಹೇಳಿಕೊಡಿ. (ಎಲೆಕ್ಟ್ರಿಕ್ ಕಾರಾದರೆ ಈ ಕೆಲಸ ಇಲ್ಲ.) ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಆಯಿಲ್ ಕೆಳಗಿಳಿಯಲು ಸ್ವಲ್ಪ ಹೊತ್ತು ಬಿಡಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಉದ್ದನೆಯ ಕಡ್ಡಿ) ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ ಮತ್ತೆ ಎಳೆಯಬೇಕು. ಎರಡನೇ ಸಲ ಕಾಣುವುದೇ ನಿಜವಾದ ಮಟ್ಟ. ಎರಡು ಗುರುತುಗಳ ನಡುವೆ ಇದ್ದರೆ ಸರಿ. ಇಲ್ಲಿ ನಿಮಗೊಂದು ಮಾತು: ಅವಳು ತಡವರಿಸಿದರೂ ಡಿಪ್‌ಸ್ಟಿಕ್ ಕಸಿದುಕೊಳ್ಳಬೇಡಿ. ಸುಮ್ನೆ ಪಕ್ಕದಲ್ಲಿ ನಿಂತು ನೋಡಿದವರಿಗೆ ಈ ಕೆಲಸ ಬರುವುದಿಲ್ಲ.

ನಿಮ್ಮ ಭಯವೂ ಸರಿಯೇ. ಬಿಸಿ ಇರುವಾಗ ರೇಡಿಯೇಟರ್ ಅಥವಾ ಕೂಲೆಂಟ್ ಮುಚ್ಚಳ ತೆರೆದರೆ ಒಳಗಿನ ಒತ್ತಡಕ್ಕೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಆ ಮುಚ್ಚಳಕ್ಕೆ ಮಕ್ಕಳು ಕೈ ಹಾಕುವುದೇ ಬೇಡ. ಕೂಲೆಂಟ್ ಡಬ್ಬಿಯ ಹೊರಗಿನ ಗೆರೆ ನೋಡಿದರೆ ಸಾಕು. ಬ್ಯಾಟರಿಯೂ ಹಾಗೇ, ಅದರಲ್ಲಿ ಆಸಿಡ್ ಇರುತ್ತದೆ.

ಟೈರ್ ಬದಲಿಸುವುದನ್ನು ಮಗಳು ಈಗಲೇ ಕಲಿಯಬಹುದು, ಆದರೆ ನೀವು ಜೊತೆಗಿರಬೇಕು. ಗಟ್ಟಿ ನೆಲ ಇರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಚಕ್ರ ನೆಲದಲ್ಲಿರುವಾಗಲೇ ನಟ್ ಸಡಿಲಿಸಿ, ಆಮೇಲೆ ಜಾಕ್ ಏರಿಸಬೇಕು. ಹಾಕುವಾಗ ನಟ್‌ಗಳನ್ನು ಎದುರು ಬದುರಾಗಿ ಬಿಗಿಯಬೇಕು, ಗಾಡಿ ಇಳಿಸಿದ ಮೇಲೆ ಇನ್ನೊಮ್ಮೆ ಪೂರ್ತಿ ಬಿಗಿಯಬೇಕು. ಜಾಕ್ ಮೇಲಿರುವ ಕಾರಿನ ಕೆಳಗೆ ಯಾರೂ ಕೈಕಾಲು ಕೂಡ ಹಾಕಬಾರದು, ನೀವೂ ಅಷ್ಟೇ. ಮಗ ಸದ್ಯಕ್ಕೆ ದೂರ ನಿಂತು, ಬಿಚ್ಚಿದ ನಟ್‌ಗಳನ್ನು ಎಣಿಸಿ ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಲಿ.