ವರ್ತನೆಯ ಕಲಿಕೆ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ವರ್ತನೆಯನ್ನು ಮನುಷ್ಯ ಕಲಿಯುವ ಬಗೆಯನ್ನು ಮನೋವಿಜ್ಞಾನ ಹೇಗೆ ವಿವರಿಸುತ್ತದೆ ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ನಿಮ್ಮ ಭಾಷೆ ಸ್ವಚ್ಛವಾಗಿದೆ, ವಿಷಯವೂ ನಮ್ಮ ಓದುಗರಿಗೆ ಬೇಕಾದದ್ದೇ. ಆದರೆ ಪಾವ್ಲೋವ್, ಥಾರ್ನ್‌ಡೈಕ್, ಸ್ಕಿನ್ನರ್, ಬಂಡೂರ ಎಂಬ ನಾಲ್ವರು ವಿಜ್ಞಾನಿಗಳಿಗೂ ಒಂದೊಂದು ಪ್ಯಾರಾ, ಪ್ರತಿ ಪ್ಯಾರಾಕ್ಕೂ ಒಂದು ವ್ಯಾಖ್ಯೆ, ಒಂದು ಪ್ರಯೋಗ, ಒಂದು ಉಪಯೋಗ ಎಂದು ಹಂಚಿಬಿಟ್ಟಿರುವುದರಿಂದ ಲೇಖನ ಬಿ.ಎಡ್. ಪರೀಕ್ಷೆಯ ಉತ್ತರದಂತಾಗಿದೆ. ಒಬ್ಬರ ವಿವರಣೆ ಎಲ್ಲಿ ಸಾಲದೆ ಹೋಯಿತು, ಅದರಿಂದ ಮುಂದಿನವರು ಏನನ್ನು ಹುಡುಕಬೇಕಾಯಿತು ಎಂಬ ಮಾತು ಎಲ್ಲಿಯೂ ಬರುವುದಿಲ್ಲ.

ಮೊದಲು ತಪ್ಪುಗಳನ್ನು ಹೇಳುತ್ತೇನೆ. ಪಾವ್ಲೋವ್ ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ, ಒಂದು ಸಂಕೇತಕ್ಕೆ ಪ್ರತಿಕ್ರಿಯೆಯನ್ನು ಕಲಿಸುವ ಅನುಬಂಧನಕ್ಕಲ್ಲ. ಇದು ಒಂದು ಸಾಲಿನ ತಿದ್ದುಪಡಿ. ಸ್ಕಿನ್ನರ್ ಅವರ ಋಣಾತ್ಮಕ ಪುನರ್ಬಲನವನ್ನು ನೀವು ಶಿಕ್ಷೆಯೆಂದೇ ಬರೆದಿರುವುದು ಮಾತ್ರ ಗಂಭೀರವಾದ ತಪ್ಪು. ಪ್ರಯೋಗದ ಪೆಟ್ಟಿಗೆಯ ತಳದ ಸರಳುಗಳಲ್ಲಿ ವಿದ್ಯುತ್ ಹರಿಯುತ್ತಿರುವಾಗ ಇಲಿ ಸನ್ನೆಕೋಲನ್ನು ಒತ್ತಿದೊಡನೆ ಅದು ನಿಂತರೆ, ಇಲಿ ಮುಂದೆ ಸನ್ನೆಕೋಲನ್ನು ಹೆಚ್ಚು ಬೇಗ ಒತ್ತುತ್ತದೆ. ಇದು ಋಣಾತ್ಮಕ ಪುನರ್ಬಲನ. ಸನ್ನೆಕೋಲು ಒತ್ತಿದ್ದಕ್ಕೇ ಆಘಾತ ಕೊಟ್ಟರೆ ಒತ್ತುವುದು ಕಡಿಮೆಯಾಗುತ್ತದೆ; ಅದು ಶಿಕ್ಷೆ. ಒಂದು ವರ್ತನೆಯನ್ನು ಹೆಚ್ಚಿಸುತ್ತದೆ, ಇನ್ನೊಂದು ಕುಗ್ಗಿಸುತ್ತದೆ. ಇವೆರಡೂ ಬೆರೆತುಹೋದ ಮೇಲೆ ನಿಮ್ಮ ಮೂರನೆಯ ಪ್ಯಾರಾದಲ್ಲಿ ನಿಲ್ಲುವಂಥದ್ದು ಏನೂ ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆಯೆಂದರೆ ಮನೋವಿಜ್ಞಾನಿ ಟೋಲ್ಮನ್ ಅವರನ್ನು ನೀವು ಬಿಟ್ಟಿರುವುದು. ಅವರೂ ಹಾನ್‌ಜಿಕ್ ಅವರೂ 1930ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳ ಮೂರು ಗುಂಪುಗಳನ್ನು ದಿನವೂ ಒಂದೇ ಚಕ್ರವ್ಯೂಹಕ್ಕೆ ಬಿಡಲಾಯಿತು. ಒಂದು ಗುಂಪಿಗೆ ಕೊನೆ ಮುಟ್ಟಿದಾಗಲೆಲ್ಲ ಆಹಾರ ಸಿಗುತ್ತಿತ್ತು, ಇನ್ನೊಂದಕ್ಕೆ ಎಂದೂ ಸಿಗಲಿಲ್ಲ, ಮೂರನೆಯದಕ್ಕೆ ಹನ್ನೊಂದನೆಯ ದಿನದಿಂದ ಸಿಗತೊಡಗಿತು. ಅಲ್ಲಿಯವರೆಗೆ ದಾರಿ ತಪ್ಪುತ್ತಲೇ ಇದ್ದ ಈ ಮೂರನೆಯ ಗುಂಪು ಆಹಾರ ಕಂಡ ಮರುದಿನವೇ, ಮೊದಲಿನಿಂದಲೂ ಆಹಾರ ಪಡೆಯುತ್ತಿದ್ದ ಇಲಿಗಳಷ್ಟೇ ಕಡಿಮೆ ತಪ್ಪು ಮಾಡಿತು. ಬಹುಮಾನವಿಲ್ಲದ ದಿನಗಳಲ್ಲಿಯೂ ಅವು ದಾರಿಯನ್ನು ಕಲಿತಿದ್ದವು, ತೋರಿಸಿರಲಿಲ್ಲ ಅಷ್ಟೆ. ಬಹುಮಾನವಿಲ್ಲದೆ ಕಲಿಕೆಯಿಲ್ಲ ಎಂಬ, ಥಾರ್ನ್‌ಡೈಕ್ ಹಾದಿಯ ವಾದಕ್ಕೆ ಇಷ್ಟು ನೇರವಾದ ಪೆಟ್ಟು ಬೇರೊಂದಿಲ್ಲವೆಂದು ನನಗನ್ನಿಸುತ್ತದೆ.

ಬಂಡೂರ ಅವರನ್ನೂ ಇದೇ ಜಾಡಿನಲ್ಲಿ ಓದಬೇಕು. ದೊಡ್ಡವರು ಗೊಂಬೆಯೊಂದನ್ನು ಹೊಡೆಯುವುದನ್ನು ಮಕ್ಕಳಿಗೆ ತೋರಿಸಿದ 1961ರ ಬೋಬೋ ಗೊಂಬೆಯ ಪ್ರಯೋಗವನ್ನಷ್ಟೇ ನೀವು ಹೇಳಿ, ಮಕ್ಕಳು ಕಂಡದ್ದನ್ನು ಅನುಕರಿಸುತ್ತಾರೆ ಎಂದು ಮುಗಿಸಿದ್ದೀರಿ. 1965ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಮುಖ್ಯವಾದದ್ದು. ಗೊಂಬೆಯನ್ನು ಹೊಡೆದ ವ್ಯಕ್ತಿಗೆ ಶಿಕ್ಷೆಯಾದದ್ದನ್ನು ಚಿತ್ರದಲ್ಲಿ ನೋಡಿದ ಮಕ್ಕಳು ಅನುಕರಿಸಿದ್ದು ಕಡಿಮೆ. ಆದರೆ ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನವಿದೆ ಎಂದಾಗ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಶಿಕ್ಷೆ ಕಲಿಕೆಯನ್ನು ಅಳಿಸಿರಲಿಲ್ಲ, ಅದು ಹೊರಬರದಂತೆ ತಡೆದಿತ್ತು. ಒಬ್ಬ ಹುಡುಗನಿಗೆ ಹೊಡೆದು, ತರಗತಿ ಸುಮ್ಮನಾದದ್ದನ್ನು ಕಂಡು, ಎಲ್ಲರೂ ತಿದ್ದಿಕೊಂಡರೆಂದು ನಂಬುವ ಮೇಷ್ಟರು ಇಂದಿಗೂ ಇದ್ದಾರೆ. ಅವರು ಓದಬೇಕಾದದ್ದು ಈ ಪ್ರಯೋಗವನ್ನೇ.

ಆದ್ದರಿಂದ ಟೋಲ್ಮನ್ ಇಲಿಗಳಿಂದಲೇ ಲೇಖನವನ್ನು ಆರಂಭಿಸಿ, ಕಲಿತದ್ದಕ್ಕೂ ಮಾಡಿ ತೋರಿಸಿದ್ದಕ್ಕೂ ಇರುವ ಅಂತರವನ್ನು ಹಿಡಿದು ಥಾರ್ನ್‌ಡೈಕ್ ಮತ್ತು ಸ್ಕಿನ್ನರ್ ಕಡೆಗೆ ಹಿಂದಕ್ಕೂ ಬಂಡೂರ ಅವರ ಕಡೆಗೆ ಮುಂದಕ್ಕೂ ಹೋಗಿ. ಪಾವ್ಲೋವ್ ಎರಡು ಸಾಲಿನಲ್ಲಿ ಬಂದರೆ ಸಾಕು. ಕೊನೆಯಲ್ಲಿ ಪೋಷಕರಿಗೆ ಕೊಟ್ಟಿರುವ ಏಳು ಸೂಚನೆಗಳನ್ನು ಪೂರ್ತಿಯಾಗಿ ತೆಗೆದುಹಾಕಿ, ಏಕೆಂದರೆ ಅವುಗಳಲ್ಲಿ ಒಂದೂ ನೀವು ವಿವರಿಸಿದ ಪ್ರಯೋಗಗಳಿಂದ ಹುಟ್ಟಿದ್ದಲ್ಲ. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೆ ಕಳುಹಿಸಿ, ನಾನೇ ಓದುತ್ತೇನೆ.

ಇಂತಿ,
ಸಂಪಾದಕ