ಕಡಿದಷ್ಟೂ ಚಿಗುರುವ ಪೊದೆ ಮತ್ತು ಮರಗಳಿಗೆ ಯಾವ ಕಳೆನಾಶಕ, ಹೇಗೆ ಹಾಕಬೇಕು?

ಲಂಟಾನ ಮತ್ತು ಜಾಲಿ ಕಡಿದಷ್ಟೂ ಚಿಗುರುತ್ತಿವೆ, ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಹೇಳಿದ ಪ್ರಮಾಣದ ಎರಡರಷ್ಟು ಬೆರೆಸಿ ಸಿಂಪಡಿಸಿದರೂ ಎಲೆಗಳು ಸುಟ್ಟುಹೋದವೇ ಹೊರತು ಗಿಡ ಸಾಯಲಿಲ್ಲ, ಇದಕ್ಕಿಂತ ಪ್ರಬಲವಾದದ್ದು ಯಾವುದು ಎಂದು ತಾವು ಕೇಳಿದ್ದೀರಿ. ಇಂಥ ಗಿಡಗಳನ್ನು ತೆಗೆಸುವ ಕೆಲಸದಲ್ಲಿ ನಾನು ಕಂಡಂತೆ, ಹೆಚ್ಚಿನ ಕಡೆ ಕೊರತೆಯಾಗುವುದು ಔಷಧಿಯ ಬಲವಲ್ಲ. ಅದನ್ನು ಗಿಡದೊಳಗೆ ಸೇರಿಸುವ ವಿಧಾನ ಮತ್ತು ಸಮಯ ತಪ್ಪಿರುತ್ತದೆ. ಆದ್ದರಿಂದ ಮೊದಲು ವಿಧಾನವನ್ನು ನಿರ್ಧರಿಸಿ, ಅದಕ್ಕೆ ಹೊಂದುವ ಔಷಧಿಯನ್ನು ಆಮೇಲೆ ಆರಿಸಿಕೊಳ್ಳಿ.

ಕಾಂಡ ಬಲಿತ ಗಿಡ ತನ್ನ ಆಹಾರದ ದಾಸ್ತಾನನ್ನು ಬೇರಿನಲ್ಲಿ ಇಟ್ಟುಕೊಂಡಿರುತ್ತದೆ, ಬುಡದಲ್ಲಿ ಮಲಗಿರುವ ಮೊಗ್ಗುಗಳು ಮೇಲ್ಭಾಗ ಹೋದ ಕೂಡಲೇ ಆ ದಾಸ್ತಾನನ್ನು ಬಳಸಿಕೊಂಡು ಎದ್ದುಬರುತ್ತವೆ. ಎಲೆಯ ಮೇಲೆ ಬಿದ್ದ ಗ್ಲೈಫೋಸೇಟ್ ಬೇರನ್ನು ತಲುಪಬೇಕಾದರೆ, ಎಲೆಯಲ್ಲಿ ತಯಾರಾದ ಸಕ್ಕರೆಯ ಜೊತೆಗೆ ಜೀವಂತ ಅಂಗಾಂಶದ ಮೂಲಕ ಕೆಳಗಿಳಿಯಬೇಕು. ಅತಿಯಾಗಿ ಬೆರೆಸಿದರೆ ಎಲೆ ಬೇಗನೆ ಸಾಯುತ್ತದೆ, ಸಾಗಿಸುವ ಎಲೆಯೇ ಸತ್ತಮೇಲೆ ಔಷಧಿ ಅಲ್ಲಿಯೇ ಉಳಿಯುತ್ತದೆ. ತಮ್ಮ ಗಿಡಗಳಲ್ಲಿ ಆಗಿರುವುದು ಬಹುಶಃ ಇದೇ. ಹೊಸ ಎಲೆಗಳು ಭರದಿಂದ ಬರುತ್ತಿರುವಾಗ ಸಕ್ಕರೆ ಮೇಲ್ಮುಖವಾಗಿ ಹರಿಯುವುದರಿಂದ ಆಗ ಸಿಂಪಡಿಸಿದರೂ ಫಲ ಕಡಿಮೆ. ಎಲೆಗಳು ಪೂರ್ತಿ ಬಲಿತು, ಗಿಡ ಬೇರಿಗೆ ಆಹಾರ ಕಳಿಸುವ ಬೆಳೆವಣಿಗೆಯ ಕೊನೆಯ ಹಂತ ಸರಿಯಾದ ಕಾಲ. ನೀರಿಲ್ಲದೆ ಬಾಡಿರುವ ಅಥವಾ ಎಲೆಯ ಮೇಲೆ ದಪ್ಪಗೆ ದೂಳು ಕುಳಿತಿರುವ ಗಿಡಕ್ಕೆ ಸಿಂಪಡಿಸಬೇಡಿ. ಕೆಸರು ಬೆರೆತ ನೀರೂ ಬೇಡ, ಏಕೆಂದರೆ ಗ್ಲೈಫೋಸೇಟ್ ಮಣ್ಣಿನ ಕಣಗಳಿಗೆ ಗಟ್ಟಿಯಾಗಿ ಅಂಟಿಕೊಂಡು ನಿಷ್ಕ್ರಿಯವಾಗುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕೂಡ ಅದನ್ನು ಕಟ್ಟಿಹಾಕುತ್ತವೆ. ಅಂಥ ನೀರಿಗೆ ಮೊದಲು ಅಮೋನಿಯಂ ಸಲ್ಫೇಟ್ ಕರಗಿಸಿ, ನಂತರ ಔಷಧಿ ಸೇರಿಸುವ ಕ್ರಮವಿದೆ.

ಎಲೆಗೆ ಸಿಂಪಡಿಸುವುದು ಎದೆಮಟ್ಟದೊಳಗಿನ, ಎಲ್ಲಾ ಎಲೆಗಳಿಗೂ ಕೈ ನಿಲುಕುವ ಪೊದೆಗಳಿಗೆ ಮಾತ್ರ ಸರಿ. ಅದಕ್ಕಿಂತ ಎತ್ತರದ ಗಿಡಕ್ಕೆ ಸಿಂಪಡಿಸಿದರೆ ಅರ್ಧ ಔಷಧಿ ಗಾಳಿಪಾಲಾಗಿ ಬೇಡದ ಕಡೆ ಬೀಳುತ್ತದೆ. ಅಂಥ ಗಿಡಗಳಿಗೆ ನಾನು ಸಾಮಾನ್ಯವಾಗಿ ಆರಿಸುವುದು ಕಡಿದ ಬೊಡ್ಡೆಗೆ ಬ್ರಷ್‌ನಿಂದ ಸವರುವ ವಿಧಾನವನ್ನು. ಕಾಂಡವನ್ನು ನೆಲಕ್ಕೆ ಆದಷ್ಟು ಹತ್ತಿರ, ಸಮತಟ್ಟಾಗಿ ಕತ್ತರಿಸಿ, ಮರದ ಹೊಟ್ಟನ್ನು ಒರೆಸಿ, ತೊಗಟೆಯ ಒಳಗಡೆಯ ತೆಳುವಾದ ಜೀವಂತ ಉಂಗುರಕ್ಕೆ ಔಷಧಿ ಹಚ್ಚಬೇಕು. ದೊಡ್ಡ ಬೊಡ್ಡೆಯ ನಡುಭಾಗ ಸತ್ತ ಮರವಾದ್ದರಿಂದ ಅಲ್ಲಿ ಹಚ್ಚಿದ್ದು ವ್ಯರ್ಥ. ಇಲ್ಲಿ ನಿರ್ಣಾಯಕವಾದದ್ದು ಸಮಯ: ನೀರಿನಲ್ಲಿ ಬೆರೆಯುವ ಔಷಧಿಯನ್ನು ಕಡಿದ ಕೆಲವೇ ನಿಮಿಷಗಳಲ್ಲಿ ಹಚ್ಚದಿದ್ದರೆ ಗಾಯ ಒಣಗಿ ಮುಚ್ಚಿಕೊಳ್ಳಲು ಆರಂಭಿಸುತ್ತದೆ, ಆಮೇಲೆ ಹಚ್ಚಿದ್ದು ಒಳಗೆ ಇಳಿಯುವುದಿಲ್ಲ. ಆದ್ದರಿಂದ ಒಬ್ಬರು ಕಡಿಯುತ್ತಾ ಹೋದಂತೆ ಇನ್ನೊಬ್ಬರು ಹಿಂದೆಯೇ ಸವರುತ್ತಾ ಬರಬೇಕು. ದಿನವಿಡೀ ಕಡಿದು ಸಂಜೆ ಒಟ್ಟಿಗೆ ಹಚ್ಚುವುದರಿಂದ ಪ್ರಯೋಜನವಿಲ್ಲ. ಸಿಂಪರಣೆಯಲ್ಲಿ ಗ್ಲೈಫೋಸೇಟ್ ದ್ರಾವಣ ಸಾಮಾನ್ಯವಾಗಿ ಶೇಕಡಾ 1ರಿಂದ 2ರಷ್ಟಿದ್ದರೆ, ಬೊಡ್ಡೆಗೆ ಸಮಪ್ರಮಾಣದ ನೀರು ಬೆರೆಸಿ ಅಥವಾ ಬೆರೆಸದೆಯೇ ಹಚ್ಚುವುದು ವಾಡಿಕೆ. ಆದರೂ ತಮ್ಮ ಕೈಯಲ್ಲಿರುವ ಡಬ್ಬದ ಲೇಬಲ್ ಹೇಳುವುದೇ ಅಂತಿಮ, ಆ ಬಳಕೆಗೆ ತಮ್ಮಲ್ಲಿ ಅನುಮತಿ ಇದೆಯೇ ಎಂಬುದನ್ನೂ ಅದರಿಂದಲೇ ಖಚಿತಪಡಿಸಿಕೊಳ್ಳಿ.

ಕಡಿಯದೆಯೇ ಕೊಲ್ಲುವ ಎರಡು ದಾರಿಗಳೂ ಇವೆ. ಸುಮಾರು 15 ಸೆಂಟಿಮೀಟರ್ ದಪ್ಪದವರೆಗಿನ, ತೊಗಟೆ ಇನ್ನೂ ನಯವಾಗಿರುವ ಕಾಂಡಗಳಿಗೆ ಟ್ರೈಕ್ಲೋಪೈರ್ ಎಂಬ ಕಳೆನಾಶಕದ ಎಸ್ಟರ್ ರೂಪವನ್ನು ಎಣ್ಣೆಯಲ್ಲಿ ಬೆರೆಸಿ, ಬುಡದ 30ರಿಂದ 45 ಸೆಂಟಿಮೀಟರ್ ಭಾಗಕ್ಕೆ ಸುತ್ತಲೂ ಹಚ್ಚಬಹುದು. ಎಸ್ಟರ್ ಎಣ್ಣೆಯ ಜೊತೆ ತೊಗಟೆಯನ್ನು ಭೇದಿಸುತ್ತದೆ. ಅದೇ ಔಷಧಿಯ ಅಮೈನ್ ರೂಪ ನೀರಿನಲ್ಲಿ ಕರಗುವಂಥದ್ದಾದ್ದರಿಂದ ತೊಗಟೆಯ ಮೇಲೆ ಕೆಲಸ ಮಾಡುವುದಿಲ್ಲ, ಕೊಳ್ಳುವಾಗ ಈ ವ್ಯತ್ಯಾಸವನ್ನು ದಯವಿಟ್ಟು ಗಮನಿಸಿ. ತೊಗಟೆ ಒದ್ದೆಯಾಗಿರಬಾರದು. ಇನ್ನೂ ದಪ್ಪನೆಯ ಮರಗಳಿಗೆ ಮಚ್ಚಿನಿಂದ ಓರೆಯಾಗಿ ಕೆಳಮುಖದ ಕಚ್ಚುಗಳನ್ನು ಹಾಕಿ, ಪ್ರತಿ ಕಚ್ಚಿನೊಳಗೆ ಸುಮಾರು 1 ಮಿಲಿಲೀಟರ್ ಔಷಧಿಯನ್ನು ಕೂಡಲೇ ಬಿಡಬೇಕು. ಕಚ್ಚುಗಳ ನಡುವೆ ಒಂದಿಷ್ಟು ತೊಗಟೆಯನ್ನು ಉಳಿಸಿ; ಸುತ್ತಲೂ ಪೂರ್ತಿ ಕತ್ತರಿಸಿಬಿಟ್ಟರೆ ಔಷಧಿ ಕೆಳಗಿಳಿಯುವ ದಾರಿಯೇ ಕಡಿದುಹೋಗುತ್ತದೆ. ಬೇರಿನುದ್ದಕ್ಕೂ ಮರಿಗಳನ್ನು ಏಳಿಸುವ ಜಾತಿಗಳಿಗೆ ಈ ವಿಧಾನವೇ ಒಳ್ಳೆಯದು, ಏಕೆಂದರೆ ಅವುಗಳನ್ನು ಮೊದಲೇ ಕಡಿದರೆ ಸುತ್ತಮುತ್ತ ಹತ್ತಾರು ಹೊಸ ಗಿಡಗಳು ಎದ್ದುಬಿಡುತ್ತವೆ.

ಔಷಧಿಯ ಆಯ್ಕೆಯನ್ನು ತೀರ್ಮಾನಿಸುವುದು ಮುಖ್ಯವಾಗಿ ಸುತ್ತಲೂ ಏನು ಉಳಿಯಬೇಕು ಎಂಬುದು. ಗ್ಲೈಫೋಸೇಟ್ ತಾಗಿದ ಹಸಿರನ್ನೆಲ್ಲ ಕೊಲ್ಲುತ್ತದೆ, ಆದರೆ ಮಣ್ಣಿಗೆ ಬಿದ್ದಮೇಲೆ ಬೇರಿನ ಮೂಲಕ ಹಾನಿ ಮಾಡುವುದು ತೀರಾ ಕಡಿಮೆ. ಕೆಳಗಿನ ಹುಲ್ಲು ಉಳಿಯಬೇಕೆಂದಿದ್ದರೆ ಟ್ರೈಕ್ಲೋಪೈರ್ ಮೇಲು, ಅದು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ, ಹುಲ್ಲಿಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ಯಾರಾದರೂ ಇಮಾಜಪೈರ್ ಅಥವಾ ಪಿಕ್ಲೋರಾಂ ಎಂಬ ಕಳೆನಾಶಕಗಳು ಪ್ರಬಲವೆಂದು ಸೂಚಿಸಿದರೆ ಎಚ್ಚರಿಕೆಯಿಂದಿರಿ. ಇವೆರಡೂ ಮಣ್ಣಿನಲ್ಲಿ ಬಹಳ ಕಾಲ ಉಳಿದು ಬೇರುಗಳ ಮೂಲಕ ಹೀರಲ್ಪಡುವುದರಿಂದ, ತಾವು ಮುಟ್ಟದೇ ಇದ್ದ ಹಣ್ಣಿನ ಮರವೂ ಒಣಗಬಹುದು. ಉಳಿಸಿಕೊಳ್ಳಬೇಕಾದ ಮರದ ಬೇರು ಹರಡಿರುವ ಜಾಗದಲ್ಲಿ ನಾನಂತೂ ಇವುಗಳನ್ನು ಬಳಸಲು ಒಪ್ಪುವುದಿಲ್ಲ. ಅಲ್ಲದೆ ದ್ವಿದಳ ಕುಟುಂಬದ ಅನೇಕ ಮರಗಳು ಇಮಾಜಪೈರ್‌ಗೆ ಸುಲಭವಾಗಿ ಬಗ್ಗುವುದಿಲ್ಲ, ಜಾಲಿ ಅದೇ ಕುಟುಂಬಕ್ಕೆ ಸೇರಿದ್ದು.

ನೀರಿನ ಹತ್ತಿರ ಟ್ರೈಕ್ಲೋಪೈರ್ ಎಸ್ಟರ್ ಬೇಡವೇ ಬೇಡ, ಅದು ಮೀನುಗಳಿಗೆ ತೀವ್ರ ವಿಷ; ಬಿಸಿಲು ಹೆಚ್ಚಿದ್ದಾಗ ಅದರ ಆವಿ ಪಕ್ಕದ ಬೆಳೆಗೂ ತಾಗಬಹುದು. ಅಮೈನ್ ರೂಪ ಕಣ್ಣಿಗೆ ಗಂಭೀರ ಹಾನಿ ಮಾಡುತ್ತದೆ, ಆದ್ದರಿಂದ ಕೈಗವಸಿನ ಜೊತೆ ರಕ್ಷಣಾ ಕನ್ನಡಕವೂ ಇರಲೇಬೇಕು, ವಿಶೇಷವಾಗಿ ಡಬ್ಬದಿಂದ ಅಳೆದು ಸುರಿಯುವಾಗ. ಔಷಧಿ ಹಾಕಿದ ಜಾಗಕ್ಕೆ ದನಕರುಗಳನ್ನು ಬಿಡಬೇಡಿ. ಲಂಟಾನ ಮೊದಲೇ ಅವುಗಳಿಗೆ ವಿಷ, ಮತ್ತು ಔಷಧಿಯಿಂದ ಬಾಡಿದ ವಿಷದ ಗಿಡಗಳನ್ನು ಜಾನುವಾರುಗಳು ಕೆಲವೊಮ್ಮೆ ಎಂದಿಗಿಂತ ಹೆಚ್ಚು ಆಸೆಯಿಂದ ತಿನ್ನುತ್ತವೆ.

ಎಳೆಯ ಸಸಿಗಳಿಗೆ ಔಷಧಿಯ ಅಗತ್ಯವೇ ಇಲ್ಲ, ನೆಲ ನೆನೆದಿರುವಾಗ ಬೇರುಸಮೇತ ಕಿತ್ತರೆ ಸಾಕು. ದೊಡ್ಡ ಪೊದೆ ಹೋಗಿ ಬಿಸಿಲು ಬಿದ್ದ ಜಾಗದಲ್ಲಿ ಮಣ್ಣಿನಲ್ಲಿದ್ದ ಬೀಜಗಳಿಂದ ಅಂಥ ಸಸಿಗಳು ನಿಶ್ಚಯವಾಗಿ ಏಳುತ್ತವೆ. ಔಷಧಿ ಹಾಕಿದ ಮರವನ್ನು ಅದು ಪೂರ್ತಿ ಒಣಗುವವರೆಗೂ ಕಡಿಯಬೇಡಿ. ಈಗ ತಮ್ಮಲ್ಲಿ ಚಿಗುರಿರುವ ಗಿಡಗಳನ್ನೂ ಕೂಡಲೇ ಸಿಂಪಡಿಸಲು ಹೋಗದೆ ಮೊಣಕಾಲಿನಿಂದ ಸೊಂಟದ ಎತ್ತರದವರೆಗೆ ಬೆಳೆಯಲು ಬಿಡಿ, ಏಕೆಂದರೆ ಇಡೀ ಬೇರಿಗೆ ಸಾಕಾಗುವಷ್ಟು ಔಷಧಿಯನ್ನು ಹೀರಲು ನಾಲ್ಕಾರು ಎಳೆ ಎಲೆಗಳಿಂದ ಆಗುವುದಿಲ್ಲ. ಎಲೆಗಳು ಬಲಿತ ಮೇಲೆ, ಈ ಬಾರಿ ಲೇಬಲ್ ಹೇಳಿದ ಪ್ರಮಾಣದಲ್ಲಿಯೇ ಸಿಂಪಡಿಸಿ.